ಸೊಂಟನೋವಿಗೆ ಡ್ರೈ ನೀಡ್ಲಿಂಗ್ ಚಿಕಿತ್ಸೆ: ಯಾವ ರೋಗಿಗೆ ಪ್ರಯೋಜನವಾಗಬಹುದು?

ಸಾರ್ವಜನಿಕರ ಮಾಹಿತಿಗಾಗಿ

ಫಿಸಿಯೋಥೆರಪಿ ಸೇವೆಯನ್ನು ಕೋರಿ ಬರುವ ಸೊಂಟನೋವಿನ ರೋಗಿಗಳಿಗೆ ಚಿಕಿತ್ಸೆಯ ಒಂದು ಭಾಗವಾಗಿ ಡ್ರೈ ನೀಡ್ಲಿಂಗ್ ಎಂಬ ಸೂಜಿ ವಿಧಾನವನ್ನು ಸೂಚಿಸುವುದುಂಟು. ಸದರಿ ಚಿಕಿತ್ಸೆಯ ನಂತರ ಕೆಲವರಿಗೆ ಕೆಲವೇ ದಿನಗಳಲ್ಲಿ ಉಪಶಮನ ದೊರೆಯುತ್ತದೆ. ಮತ್ತೆ ಕೆಲವರಿಗೆ ಹಲವು ಬಾರಿ ಮಾಡಿಸಿಕೊಂಡರೂ ಹೇಳಿಕೊಳ್ಳುವಂತಹ ಬದಲಾವಣೆ ಕಾಣುವುದಿಲ್ಲ. ಆದ್ದರಿಂದ ಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನವೇ ತಮಗೆ ಗುಣವಾಗುವುದೇ ಇಲ್ಲವೇ ಎಂದು ತಿಳಿಯುವ ಬಗೆ ಇದೆಯೇ ಎಂಬ ಪ್ರಶ್ನೆ ಸಹಜವಾದುದು. ಈ ಪ್ರಶ್ನೆಗೆ ಸಂಶೋಧನೆಗಳಿಂದ ಈವರೆಗೆ ದೊರೆತಿರುವ ಉತ್ತರ, ಆ ಉತ್ತರದ ಮಿತಿ ಹಾಗೂ ಒಪ್ಪಿಗೆ ನೀಡುವ ಮುನ್ನ ರೋಗಿಯು ವಿಚಾರಿಸಿ ತಿಳಿಯಬೇಕಾದ ಸಂಗತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಈ ಮಾಹಿತಿಯು ವೈದ್ಯರ ಪರೀಕ್ಷೆ ಮತ್ತು ಸಲಹೆಗೆ ಬದಲಿಯಲ್ಲ.

ಚಿಕಿತ್ಸೆಯ ಸ್ವರೂಪ

ಇಂಜೆಕ್ಷನ್ ನೀಡುವ ಸೂಜಿಯ ಒಳಗೆ ಔಷಧ ಹರಿಯಲು ರಂಧ್ರವಿರುತ್ತದೆ. ಡ್ರೈ ನೀಡ್ಲಿಂಗ್‌ನಲ್ಲಿ ಬಳಸುವ ಸೂಜಿಯು ರಂಧ್ರವಿಲ್ಲದ, ಕೂದಲಿಗಿಂತ ಸ್ವಲ್ಪ ದಪ್ಪನೆಯ ಉಕ್ಕಿನ ತಂತಿಯಂತಿರುತ್ತದೆ. ಇದರಿಂದ ಯಾವ ಔಷಧವನ್ನೂ ದೇಹಕ್ಕೆ ಸೇರಿಸುವುದಿಲ್ಲವಾದ್ದರಿಂದ 'ಡ್ರೈ', ಅಂದರೆ ಒಣ, ಎಂಬ ಹೆಸರು ಬಂದಿದೆ. ಸ್ನಾಯುವಿನಲ್ಲಿ ಬಿಗಿದುಕೊಂಡು ಒತ್ತಿದರೆ ನೋಯುವ ಭಾಗಕ್ಕೆ ಈ ಸೂಜಿಯನ್ನು ಚುಚ್ಚಿ, ಅಲ್ಪಕಾಲದಲ್ಲಿ ಹೊರತೆಗೆಯಲಾಗುತ್ತದೆ. ಚುಚ್ಚಿದಾಗ ಸ್ನಾಯು ಒಮ್ಮೆ ತಟ್ಟನೆ ಅದುರುವುದುಂಟು. ಅದುರಿದರೆ ಮಾತ್ರ ಗುಣ ಎಂಬ ನಂಬಿಕೆ ಪ್ರಚಾರದಲ್ಲಿದ್ದರೂ, ಅದುರದಿದ್ದ ಮಾತ್ರಕ್ಕೆ ಚಿಕಿತ್ಸೆ ವ್ಯರ್ಥವಾಯಿತೆಂದು ರೋಗಿಯು ಭಾವಿಸಬೇಕಾದ ಅಗತ್ಯವಿಲ್ಲ.

ಅಕ್ಯುಪಂಕ್ಚರ್‌ನಲ್ಲಿಯೂ ಇಂತಹ ಸೂಜಿಯನ್ನೇ ಬಳಸಲಾಗುತ್ತದೆ. ಆದರೆ ಅಲ್ಲಿ ಸೂಜಿಯ ಸ್ಥಾನವನ್ನು ಚೀನೀ ವೈದ್ಯಪದ್ಧತಿಯ ನಾಡಿಮಾರ್ಗಗಳ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ; ಇಲ್ಲಿ ಸ್ನಾಯು ಮತ್ತು ನರಗಳ ಅಂಗರಚನೆಯ ಆಧಾರದ ಮೇಲೆ. ನೋವಿಗೆ ಪರಿಹಾರ ನೀಡುವುದು ಔಷಧವೋ ಚುಚ್ಚುವಿಕೆಯೋ ಎಂಬ ಪ್ರಶ್ನೆಯನ್ನು ಅಂದಿನ ಚೆಕೊಸ್ಲೊವಾಕಿಯಾದ ವೈದ್ಯ ಕಾರೆಲ್ ಲೆವಿಟ್ ಅವರು 1979ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಎತ್ತಿ, ಔಷಧವಿಲ್ಲದ ಸೂಜಿಯಿಂದಲೂ ಪರಿಣಾಮವಿದೆಯೆಂದು ವರದಿ ಮಾಡಿದರು. ಮರುವರ್ಷ, 1980ರಲ್ಲಿ, ಕೆನಡಾದ ವೈದ್ಯ ಚಾನ್ ಗನ್ ಮತ್ತು ಸಹೋದ್ಯೋಗಿಗಳು ದೀರ್ಘಕಾಲದ ಸೊಂಟನೋವಿದ್ದ 56 ಪುರುಷರ ಮೇಲೆ ಹೋಲಿಕೆ ಪ್ರಯೋಗವೊಂದನ್ನು ನಡೆಸಿ, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಸೂಜಿ ಚಿಕಿತ್ಸೆಯನ್ನೂ ಪಡೆದವರು ಹೆಚ್ಚು ಸುಧಾರಿಸಿದರೆಂದು ಪ್ರಕಟಿಸಿದರು. ಸ್ನಾಯುಗಳ ನೋವಿನ ಗಂಟುಗಳ ಕುರಿತ ಪ್ರಸಿದ್ಧ ಕೈಪಿಡಿಯನ್ನು 1983ರಲ್ಲಿ ಡೇವಿಡ್ ಸೈಮನ್ಸ್ ಅವರೊಡನೆ ಹೊರತಂದ ಜಾನೆಟ್ ಟ್ರಾವೆಲ್ ಅವರು, ಬೆನ್ನುನೋವಿನಿಂದ ಬಳಲುತ್ತಿದ್ದ ಅಮೆರಿಕದ ಅಧ್ಯಕ್ಷ ಕೆನಡಿ ಅವರ ವೈದ್ಯರಾಗಿದ್ದವರು.

ಮೊದಲೇ ತಿಳಿಯಬೇಕೆಂಬ ಅಪೇಕ್ಷೆ ಏಕೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿ ತಲುಪುವ ನಿರೀಕ್ಷೆ ಇದೆ. ಇವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯ ನೋವಿಗೆ ಮೂಳೆ ಮುರಿತ, ಸೋಂಕು, ಗಡ್ಡೆ ಮುಂತಾದ ನಿರ್ದಿಷ್ಟ ಕಾರಣವನ್ನು ತೋರಿಸಲು ಬರುವುದಿಲ್ಲ. ಕಾರಣ ಒಂದೇ ಎಂದು ಹೇಳಲಾಗದ ಕಡೆ ಒಂದೇ ಚಿಕಿತ್ಸೆ ಎಲ್ಲರಿಗೂ ಹೊಂದದು. ಒಬ್ಬರಿಗೆ ಸ್ನಾಯುವಿನ ತೊಂದರೆ ಮುಖ್ಯವಾಗಿದ್ದರೆ, ಇನ್ನೊಬ್ಬರಿಗೆ ಕೀಲಿನದು, ಮತ್ತೊಬ್ಬರಿಗೆ ನಿದ್ರೆಯಿಲ್ಲದ ರಾತ್ರಿ ಮತ್ತು ಕೆಲಸ ಕೈತಪ್ಪುವ ಭಯ.

ಎಲ್ಲ ರೋಗಿಗಳನ್ನೂ ಒಟ್ಟಾಗಿ ನೋಡಿದಾಗ ಡ್ರೈ ನೀಡ್ಲಿಂಗ್‌ನ ಸರಾಸರಿ ಪ್ರಯೋಜನ ಸಾಧಾರಣವಾದುದು. ಆದರೆ ಸರಾಸರಿ ಎಂಬುದು ಹೆಚ್ಚು ಲಾಭ ಪಡೆದವರನ್ನೂ ಏನೂ ಪಡೆಯದವರನ್ನೂ ಕೂಡಿಸಿ ಭಾಗಿಸಿದ ಅಂಕಿ. ಲಾಭ ಪಡೆಯುವವರನ್ನು ಮುಂಚಿತವಾಗಿಯೇ ಗುರುತಿಸಲು ಸಾಧ್ಯವಾದರೆ ಉಳಿದವರ ಹಣ, ದಿನಗೂಲಿ ಮತ್ತು ಪ್ರಯಾಣದ ಶ್ರಮ ಉಳಿಯುತ್ತದೆ. ಸಂಶೋಧಕರು ಹುಡುಕುತ್ತಿರುವುದು ಇಂತಹ ಲಕ್ಷಣಗಳನ್ನು.

2015ರ ಅಧ್ಯಯನ

ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಿಸಲ್ಪಡುವ ಅಧ್ಯಯನವು ಅಮೆರಿಕದಲ್ಲಿ ನಡೆದುದಾಗಿದೆ. ಶೇನ್ ಕೊಪ್ಪೆನ್‌ಹೇವರ್ ಮತ್ತು ಸಹಸಂಶೋಧಕರು 2015ರಲ್ಲಿ ಇದನ್ನು ಪ್ರಕಟಿಸಿದರು. ಸೊಂಟನೋವಿದ್ದ 72 ಮಂದಿ ಸ್ವಯಂಪ್ರೇರಿತರಾಗಿ ಭಾಗವಹಿಸಿದ್ದರು. ಅವರಿಂದ ಪ್ರಶ್ನಾವಳಿಗಳನ್ನು ಭರ್ತಿ ಮಾಡಿಸಿ, ನೋವಿನ ಪೂರ್ವವೃತ್ತಾಂತವನ್ನು ವಿಚಾರಿಸಿ, ದೈಹಿಕ ಪರೀಕ್ಷೆಗಳನ್ನು ನಡೆಸಿ ದಾಖಲಿಸಿಕೊಳ್ಳಲಾಯಿತು. ಅನಂತರ ಪರೀಕ್ಷೆಯಲ್ಲಿ ಏನೇ ಕಂಡುಬಂದಿದ್ದರೂ ಎಲ್ಲರಿಗೂ ಒಂದೇ ಬಗೆಯ ಚಿಕಿತ್ಸೆ ನೀಡಲಾಯಿತು: ಬೆನ್ನುಮೂಳೆಯ ಎರಡೂ ಬದಿಗೆ ಆಳದಲ್ಲಿರುವ ಮಲ್ಟಿಫಿಡಸ್ ಎಂಬ ಸ್ನಾಯುವಿಗೆ ಡ್ರೈ ನೀಡ್ಲಿಂಗ್. ಒಂದು ವಾರದ ನಂತರ ದೈನಂದಿನ ಕೆಲಸಗಳಿಗೆ ಇದ್ದ ಅಡಚಣೆ ಎಷ್ಟು ಕಡಿಮೆಯಾಗಿದೆ ಎಂಬುದನ್ನು ಅಳೆಯಲಾಯಿತು.

ಮಲ್ಟಿಫಿಡಸ್ ಸ್ನಾಯುವನ್ನೇ ಆರಿಸಿಕೊಂಡದ್ದಕ್ಕೆ ಹಿನ್ನೆಲೆ ಇದೆ. ಈ ಸ್ನಾಯು ಬೆನ್ನುಮೂಳೆಯ ಬಿಲ್ಲೆಗಳನ್ನು ಒಂದಕ್ಕೊಂದು ಹಿಡಿದಿಡುವ ಕೆಲಸ ಮಾಡುತ್ತದೆ. ಸೊಂಟನೋವು ಬಂದಾಗ ಇದು ಸೊರಗುತ್ತದೆ. ನೋವು ಹೋದ ಮೇಲೂ ತಾನಾಗಿ ಮೊದಲಿನ ಸ್ಥಿತಿಗೆ ಬರುವುದಿಲ್ಲವೆಂದು ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು.

ದಾಖಲಿಸಿದ ಎಲ್ಲ ಅಂಶಗಳಲ್ಲಿ ಸುಧಾರಣೆಯೊಂದಿಗೆ ಅತಿ ಹೆಚ್ಚು ಸಂಬಂಧವಿದ್ದುದು ಒಂದು ಸರಳ ಪರೀಕ್ಷೆಗೆ. ರೋಗಿಯನ್ನು ಬೋರಲಾಗಿ ಮಲಗಿಸಿ, ಮೊಣಕೈ ಮಡಿಚಿ ತಲೆಯ ಕಡೆಗೆ ಚಾಚಿದ ಒಂದು ತೋಳನ್ನು ಮೇಜಿನಿಂದ ಸುಮಾರು 5 ಸೆಂಟಿಮೀಟರ್ ಮೇಲಕ್ಕೆ ಎತ್ತಲು ಹೇಳಲಾಗುತ್ತದೆ. ತೋಳೆತ್ತಿದಾಗ ಎದುರು ಬದಿಯ ಸೊಂಟದ ಮಲ್ಟಿಫಿಡಸ್ ಸ್ನಾಯು ಬಿಗಿಯಾಗಬೇಕು. ಪರೀಕ್ಷಕರು ಬೆರಳಿನಿಂದ ಅದನ್ನು ಮುಟ್ಟಿ ನೋಡುತ್ತಾರೆ. ಇದಕ್ಕೆ ಮಲ್ಟಿಫಿಡಸ್ ಲಿಫ್ಟ್ ಪರೀಕ್ಷೆ ಎಂದು ಹೆಸರು. ಹೀಗೆ ತೋಳೆತ್ತಿದಾಗ ಯಾರಿಗೆ ಸೊಂಟನೋವು ಹೆಚ್ಚಾಯಿತೋ ಅವರು ಒಂದು ವಾರದ ನಂತರ ಹೆಚ್ಚು ಸುಧಾರಿಸಿದ್ದರು. ಸ್ನಾಯು ಕುಗ್ಗುವಾಗ ನೋವು ಬರುವುದೆಂದರೆ ನೋವಿನಲ್ಲಿ ಸ್ನಾಯುವಿನ ಪಾಲು ಇರಬಹುದು, ಆದುದರಿಂದ ಸ್ನಾಯುವಿಗೆ ನೀಡುವ ಚಿಕಿತ್ಸೆ ಅಂಥವರಿಗೆ ಹೊಂದಬಹುದು ಎಂಬುದು ಇದರ ಹಿಂದಿನ ತರ್ಕ. ಅದೇ ತಂಡ ಅದೇ ವರ್ಷ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಸುಧಾರಿಸಿದ ರೋಗಿಗಳ ಮಲ್ಟಿಫಿಡಸ್ ಸ್ನಾಯುವಿನ ಕುಗ್ಗುವಿಕೆಯೂ ಉತ್ತಮಗೊಂಡಿತ್ತು, ಒತ್ತಿದಾಗಿನ ನೋವೂ ಇಳಿದಿತ್ತು. ತರ್ಕಕ್ಕೆ ಇದು ಹೊಂದಿಕೆಯಾಗುತ್ತದೆ.

ಈ ಫಲಿತಾಂಶವನ್ನು ಓದುವ ಬಗೆ

ಮೇಲ್ಕಂಡ ಪರೀಕ್ಷೆಯಲ್ಲಿ ನೋವು ಬಂದರೆ ಡ್ರೈ ನೀಡ್ಲಿಂಗ್‌ನಿಂದ ಗುಣವಾಗುತ್ತದೆ, ಬಾರದಿದ್ದರೆ ಆಗುವುದಿಲ್ಲ ಎಂದು ತೀರ್ಮಾನಿಸಲು ಬರುವುದಿಲ್ಲ. ಏಕೆಂದರೆ ಸದರಿ ಅಧ್ಯಯನದಲ್ಲಿ 72 ಮಂದಿಗೂ ಸೂಜಿ ಚಿಕಿತ್ಸೆ ನೀಡಲಾಗಿತ್ತು. ಚಿಕಿತ್ಸೆ ಪಡೆಯದ ಹೋಲಿಕೆಯ ಗುಂಪು ಇರಲಿಲ್ಲ.

ಇದರ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ರೈತರೊಬ್ಬರು ತಮ್ಮ ಇಡೀ ಜಮೀನಿಗೆ ಹೊಸ ಗೊಬ್ಬರವೊಂದನ್ನು ಹಾಕುತ್ತಾರೆ. ಕಪ್ಪು ಮಣ್ಣಿನ ಭಾಗದಲ್ಲಿ ಬೆಳೆ ಚೆನ್ನಾಗಿ ಬರುತ್ತದೆ, ಕೆಂಪು ಮಣ್ಣಿನ ಭಾಗದಲ್ಲಿ ಸಾಧಾರಣ. ಹಾಗಾದರೆ ಈ ಗೊಬ್ಬರ ಕಪ್ಪು ಮಣ್ಣಿಗೆ ಹೊಂದುತ್ತದೆ ಎನ್ನಬಹುದೇ? ಎನ್ನಲಾಗದು. ಆ ವರ್ಷದ ಮಳೆಗೆ ಗೊಬ್ಬರವಿಲ್ಲದೆಯೂ ಕಪ್ಪು ಮಣ್ಣಿನಲ್ಲಿ ಅಷ್ಟೇ ಬೆಳೆ ಬರುತ್ತಿತ್ತೇನೋ. ಎರಡೂ ಬಗೆಯ ಮಣ್ಣಿನಲ್ಲಿ ಗೊಬ್ಬರ ಹಾಕದ ಒಂದೊಂದು ಮಡಿಯನ್ನು ಬಿಟ್ಟಿದ್ದರೆ ಮಾತ್ರ ಉತ್ತರ ಸಿಗುತ್ತಿತ್ತು. ಅಂತೆಯೇ, ತೋಳೆತ್ತಿದಾಗ ನೋವು ಬರುವವರು ಸೂಜಿಯಿಲ್ಲದೆಯೂ, ಅಥವಾ ಬರೀ ವ್ಯಾಯಾಮದಿಂದಲೂ, ಅಷ್ಟೇ ಬೇಗ ಸುಧಾರಿಸುವ ಗುಂಪಿನವರಾಗಿರಬಹುದು. 'ಯಾರು ಸುಧಾರಿಸುತ್ತಾರೆ' ಎಂಬುದು ಒಂದು ಪ್ರಶ್ನೆ. 'ಯಾರು ಈ ಚಿಕಿತ್ಸೆಯಿಂದಾಗಿ ಸುಧಾರಿಸುತ್ತಾರೆ' ಎಂಬುದು ಮತ್ತೊಂದು. 2015ರ ಅಧ್ಯಯನ ಉತ್ತರಿಸಿದ್ದು ಮೊದಲನೆಯದನ್ನು.

ಸೊಂಟನೋವಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹೊಸದಾಗಿ ಬಂದ ಸೊಂಟನೋವು ಬಹುಪಾಲು ಜನರಲ್ಲಿ ಮೊದಲ 6 ವಾರಗಳಲ್ಲಿ ತಾನಾಗಿಯೇ ಗಣನೀಯವಾಗಿ ಇಳಿಯುತ್ತದೆ. ಹಳೆಯ ನೋವು ಏರಿಳಿಯುತ್ತಿರುತ್ತದೆ. ಜನರು ಆಸ್ಪತ್ರೆಗೆ ಬರುವುದು ಅದು ಏರಿದ ದಿನ. ಏರಿದ ನೋವು ಇಳಿಯುವ ಹೊತ್ತಿಗೆ ಯಾವ ಚಿಕಿತ್ಸೆ ನಡೆಯುತ್ತಿತ್ತೋ ಕೀರ್ತಿ ಅದಕ್ಕೆ ಸಲ್ಲುತ್ತದೆ. ಇದರ ಜೊತೆಗೆ, ಅಧ್ಯಯನದಲ್ಲಿದ್ದವರು 72 ಮಂದಿ ಮಾತ್ರ, ಫಲಿತಾಂಶ ನೋಡಿದ್ದು ಒಂದು ವಾರಕ್ಕೆ ಮಾತ್ರ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಮಹಿಳೆಗೋ ದಿನಕ್ಕೆ ಹತ್ತು ಗಂಟೆ ಬಸ್ಸು ಓಡಿಸುವ ಚಾಲಕರಿಗೋ ಅದನ್ನು ಹಾಗೆಯೇ ಅನ್ವಯಿಸಲು ಆಧಾರವಿಲ್ಲ. ಸಂಶೋಧಕರೂ ತಮ್ಮ ಫಲಿತಾಂಶವನ್ನು ಮುಂದಿನ ಅಧ್ಯಯನಗಳಲ್ಲಿ ಪರಿಶೀಲಿಸಬೇಕಾದ ಸುಳಿವೆಂದೇ ಮಂಡಿಸಿದ್ದಾರೆ.

ಇಂತಹ ಸುಳಿವುಗಳು ಮುಂದೆ ಏನಾಗುತ್ತವೆ ಎಂಬುದಕ್ಕೆ ಪೂರ್ವನಿದರ್ಶನವೊಂದಿದೆ. ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಚಿಕಿತ್ಸೆ ಯಾರಿಗೆ ಹೊಂದುತ್ತದೆಂದು ತಿಳಿಯಲು ಅಮೆರಿಕದ ತಿಮೋತಿ ಫ್ಲಿನ್ ಮತ್ತು ತಂಡದವರು 2002ರಲ್ಲಿ 71 ರೋಗಿಗಳ ಅಧ್ಯಯನದಿಂದ ಐದು ಲಕ್ಷಣಗಳ ಸೂತ್ರವೊಂದನ್ನು ರೂಪಿಸಿದರು. ನೋವು ಬಂದು 16 ದಿನ ಆಗಿಲ್ಲದಿರುವುದು, ನೋವು ಮೊಣಕಾಲಿನ ಕೆಳಗೆ ಇಳಿಯದಿರುವುದು ಅವುಗಳಲ್ಲಿ ಎರಡು. 2004ರಲ್ಲಿ 131 ರೋಗಿಗಳ ಮೇಲೆ, ಈ ಬಾರಿ ಹೋಲಿಕೆಯ ಗುಂಪನ್ನೂ ಇಟ್ಟುಕೊಂಡು, ಅಮೆರಿಕದಲ್ಲಿಯೇ ಪರೀಕ್ಷಿಸಿದಾಗ ಸೂತ್ರ ಸರಿಯೆಂದು ಕಂಡಿತು. ಆದರೆ 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸುಮಾರು 240 ರೋಗಿಗಳ ಪ್ರಯೋಗವೊಂದರ ದಾಖಲೆಗಳಿಗೆ ಅದೇ ಸೂತ್ರವನ್ನು ಹಚ್ಚಿ ನೋಡಿದಾಗ ಅದು ನಡೆಯಲಿಲ್ಲ. ಅಲ್ಲಿ ಕೈಚಿಕಿತ್ಸೆಯ ವಿಧಾನವೇ ಸ್ವಲ್ಪ ಬೇರೆಯಾಗಿತ್ತೆಂಬ ಆಕ್ಷೇಪವೂ ಬಂತು. ಏನೇ ಇರಲಿ, ಆ ಸೂತ್ರ ಕನಿಷ್ಠಪಕ್ಷ ಇಷ್ಟು ಪರೀಕ್ಷೆಗಳನ್ನಾದರೂ ಎದುರಿಸಿತು. ಸೊಂಟನೋವಿನ ಡ್ರೈ ನೀಡ್ಲಿಂಗ್‌ಗೆ ಸಂಬಂಧಿಸಿದ ಮುನ್ಸೂಚನೆ ಇನ್ನೂ ಮೊದಲ ಮೆಟ್ಟಿಲಿನಲ್ಲಿದೆ. ಆದುದರಿಂದ 'ಪರೀಕ್ಷೆ ಮಾಡಿ ನೋಡಿದ್ದೇವೆ, ನಿಮಗೆ ಖಚಿತವಾಗಿ ಗುಣವಾಗುತ್ತದೆ' ಎಂಬ ಭರವಸೆಯನ್ನು ಯಾವುದೇ ಕೇಂದ್ರ ನೀಡಿದಲ್ಲಿ ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ತಿಳಿಯತಕ್ಕದ್ದು.

ಮಾರ್ಗಸೂಚಿಗಳು

ಮಾರ್ಗಸೂಚಿಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಕಾಕ್ರೇನ್ ಸಂಸ್ಥೆಯ 2005ರ ವಿಮರ್ಶೆಯು 35 ಪ್ರಯೋಗಗಳನ್ನು ಪರಿಶೀಲಿಸಿ, ದೀರ್ಘಕಾಲದ ಸೊಂಟನೋವಿನಲ್ಲಿ ಅಕ್ಯುಪಂಕ್ಚರ್ ಮತ್ತು ಡ್ರೈ ನೀಡ್ಲಿಂಗ್ ಇತರ ಚಿಕಿತ್ಸೆಗಳ ಜೊತೆಗೆ ನೆರವಾಗಬಹುದೆಂದೂ, ಪ್ರಯೋಗಗಳ ಗುಣಮಟ್ಟ ಸಾಲದೆಂದೂ ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯು ಸೊಂಟನೋವಿಗೆ ಅಕ್ಯುಪಂಕ್ಚರ್ ನೀಡಬಾರದೆಂದರೆ, ಅಮೆರಿಕದ ವೈದ್ಯರ ಕಾಲೇಜಿನ 2017ರ ಮಾರ್ಗಸೂಚಿಯು ಅದನ್ನು ಔಷಧರಹಿತ ಆಯ್ಕೆಗಳಲ್ಲಿ ಒಂದಾಗಿ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಸೊಂಟನೋವಿಗೆ ಸೂಜಿ ಚಿಕಿತ್ಸೆಗಳನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಲಾಗಿದೆ.

ಸೂಜಿಗಿಂತ ಮೊದಲು ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಯಾರಿಗೆ ಪ್ರಯೋಜನ ಎಂಬುದು ಅನಿಶ್ಚಿತವಾದರೂ ಯಾರಿಗೆ ತಡಮಾಡಬಾರದು ಎಂಬುದು ನಿಶ್ಚಿತವಾಗಿದೆ. ಸೊಂಟನೋವಿನೊಂದಿಗೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಮೂತ್ರ, ಮಲ ಹೋಗುವುದು. ತೊಡೆಸಂದು ಮತ್ತು ಗುದದ್ವಾರದ ಸುತ್ತ ಮರಗಟ್ಟುವುದು. ಎರಡೂ ಕಾಲುಗಳ ಬಲ ಕುಂದುವುದು ಕಂಡುಬಂದಲ್ಲಿ ಅದೇ ದಿನ, ರಾತ್ರಿಯಾಗಿದ್ದರೆ ಅದೇ ರಾತ್ರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗತಕ್ಕದ್ದು. ಬೆನ್ನುಹುರಿಯ ತುದಿಯ ನರಗಳು ಒತ್ತಿಹೋದಾಗ ಹೀಗಾಗುತ್ತದೆ. ತಡವಾದರೆ ನರದ ಹಾನಿ ಶಾಶ್ವತವಾಗಿ ಉಳಿಯಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಕ್ಷಯರೋಗದ ಇತಿಹಾಸ, ಬಿದ್ದು ಪೆಟ್ಟಾಗಿರುವುದು, ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿರುವುದು, ಮಲಗಿದರೂ ರಾತ್ರಿಯಿಡೀ ಬಿಡದ ನೋವು ಇವುಗಳಲ್ಲಿ ಯಾವುದಾದರೂ ಇದ್ದಲ್ಲಿ ವೈದ್ಯರ ಪರೀಕ್ಷೆಯಾಗುವವರೆಗೆ ಡ್ರೈ ನೀಡ್ಲಿಂಗ್ ಮಾಡಿಸಿಕೊಳ್ಳಬಾರದು.

ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವವರು, ರಕ್ತಸ್ರಾವದ ಕಾಯಿಲೆ ಇರುವವರು, ಗರ್ಭಿಣಿಯರು, ಸೂಜಿ ಚುಚ್ಚುವ ಜಾಗದಲ್ಲಿ ಹುಣ್ಣು ಅಥವಾ ಸೋಂಕು ಇರುವವರು, ಲೋಹದ ಅಲರ್ಜಿ ಇರುವವರು ಮುಂಚಿತವಾಗಿಯೇ ತಿಳಿಸತಕ್ಕದ್ದು. ಮಧುಮೇಹದಿಂದ ಸೋಂಕು ಬೇಗ ತಗಲುವವರೂ ತಿಳಿಸುವುದು ಒಳ್ಳೆಯದು. ಸೂಜಿ ಕಂಡರೆ ತಲೆಸುತ್ತು ಬರುವವರು ಸಂಕೋಚಪಡದೆ ಹೇಳಬಹುದು. ಇದು ಬಹಳ ಜನರಲ್ಲಿ ಇರುವಂತಹುದೇ.

ಇಂತಹ ತೊಡಕು ಇಲ್ಲದವರಲ್ಲಿ ಅಡ್ಡಪರಿಣಾಮಗಳು ಸಾಮಾನ್ಯವಾಗಿ ಸಣ್ಣವು. ಐರ್ಲೆಂಡಿನಲ್ಲಿ 39 ಫಿಸಿಯೋಥೆರಪಿಸ್ಟರು ನೀಡಿದ 7,629 ಚಿಕಿತ್ಸೆಗಳ ಲೆಕ್ಕವನ್ನು 2014ರಲ್ಲಿ ಪ್ರಕಟಿಸಲಾಯಿತು. ಸುಮಾರು ಶೇ. 19ರಷ್ಟು ಚಿಕಿತ್ಸೆಗಳಲ್ಲಿ ಚರ್ಮ ನೀಲಿಗಟ್ಟುವುದು, ಒಂದೆರಡು ಹನಿ ರಕ್ತ, ನೋವು ಮುಂತಾದವು ಕಂಡಿದ್ದವು; ಗಂಭೀರ ಹಾನಿ ಒಂದೂ ವರದಿಯಾಗಿರಲಿಲ್ಲ. ಅದು ತರಬೇತಿ ಪಡೆದವರ ಕೈಯಲ್ಲಿನ ಲೆಕ್ಕ ಎಂಬುದನ್ನು ಗಮನಿಸಬೇಕು. ಸೊಂಟದ ಮೇಲ್ಭಾಗದಲ್ಲಿ ಸೂಜಿ ದಾರಿತಪ್ಪಿದರೆ ಮೂತ್ರಪಿಂಡವಿದೆ, ಅದಕ್ಕೂ ಮೇಲೆ ಶ್ವಾಸಕೋಶವಿದೆ.

ಚಿಕಿತ್ಸೆಗೆ ಮುನ್ನ ಅಳತೆ, ನಂತರ ಅಳತೆ

ಮುನ್ಸೂಚನೆ ದೃಢವಿಲ್ಲದ ಕಡೆ ರೋಗಿಗೆ ಉಳಿಯುವ ಮಾರ್ಗವೆಂದರೆ ಅಲ್ಪಾವಧಿಯ ಪ್ರಯತ್ನ ಮತ್ತು ಪ್ರಾಮಾಣಿಕವಾದ ಅಳತೆ. 2015ರ ಅಧ್ಯಯನದಲ್ಲಿ ಬಳಸಿದ ಆಸ್ವೆಸ್ಟ್ರಿ ಪ್ರಶ್ನಾವಳಿಯನ್ನು ಫಿಸಿಯೋಥೆರಪಿ ವಿಭಾಗಗಳಲ್ಲಿ ಕೇಳಿ ಭರ್ತಿ ಮಾಡಬಹುದು. ಇದರಲ್ಲಿ ನೋವಿನ ತೀವ್ರತೆ, ಭಾರ ಎತ್ತುವುದು, ನಡೆಯುವುದು, ಕೂರುವುದು, ನಿಲ್ಲುವುದು, ನಿದ್ರೆ, ಪ್ರಯಾಣ ಮೊದಲಾದ 10 ವಿಭಾಗಗಳಿದ್ದು, ಪ್ರತಿಯೊಂದಕ್ಕೆ 0ಯಿಂದ 5ರವರೆಗೆ ಅಂಕಗಳಿರುತ್ತವೆ. ಒಟ್ಟು 50 ಅಂಕಗಳಲ್ಲಿ ಬಂದುದನ್ನು ಎರಡರಿಂದ ಗುಣಿಸಿದರೆ ಶೇಕಡಾವಾರು ಅಡಚಣೆ ದೊರೆಯುತ್ತದೆ. ಮೊದಲಿದ್ದ ಅಂಕಿಯ ಶೇ. 30ರಷ್ಟಾದರೂ ಇಳಿದರೆ ಅದನ್ನು ರೋಗಿಯ ಅನುಭವಕ್ಕೆ ಬರುವ ಸುಧಾರಣೆ ಎಂದು ಪರಿಗಣಿಸುವ ರೂಢಿ ಇದೆ. ಉದಾಹರಣೆಗೆ, ಮೊದಲು 20 ಅಂಕ, ಅಂದರೆ ಶೇ. 40 ಇದ್ದವರಿಗೆ ನಂತರ 14 ಅಂಕ, ಅಂದರೆ ಶೇ. 28 ಬರಬೇಕು.

ಪ್ರಶ್ನಾವಳಿ ದೊರೆಯದಿದ್ದಲ್ಲಿ ರೋಗಿಯು ತನಗೆ ಕಷ್ಟವಾಗುತ್ತಿರುವ ಎರಡು ಮೂರು ಕೆಲಸಗಳನ್ನು ಬರೆದಿಟ್ಟುಕೊಳ್ಳಬಹುದು: ನೀರಿನ ಬಿಂದಿಗೆ ಎತ್ತುವುದು, ಬಸ್ಸಿನಲ್ಲಿ ಒಂದು ಗಂಟೆ ಕೂರುವುದು, ನೆಲದಲ್ಲಿ ಕುಳಿತು ಏಳುವುದು. ಚಿಕಿತ್ಸೆಯಾದ ಒಂದು ವಾರದ ನಂತರ ಅದೇ ಕೆಲಸಗಳನ್ನು ಗಮನಿಸಿದರೆ ಸಾಕು. ಚಿಕಿತ್ಸೆಯಾದ ಕೂಡಲೇ ಮೇಜಿನ ಮೇಲೆ ಅನ್ನಿಸುವ ಹಗುರ ನಂಬಲರ್ಹವಾದ ಅಳತೆಯಲ್ಲ.

ಎಷ್ಟನೆಯ ಬಾರಿಯ ನಂತರ ಪರಿಶೀಲನೆ ಮಾಡಲಾಗುವುದು ಎಂಬುದನ್ನು ಆರಂಭದಲ್ಲಿಯೇ ಕೇಳಿ ತಿಳಿಯತಕ್ಕದ್ದು. ಹತ್ತು, ಹದಿನೈದು ಬಾರಿಯ ಚಿಕಿತ್ಸೆಗೆ ಒಟ್ಟಾಗಿ ಮುಂಗಡ ಹಣ ಪಾವತಿಸುವುದು ಸೂಕ್ತವಲ್ಲ. ಮೊದಲ ಪರಿಶೀಲನೆಯಲ್ಲಿ ಬದಲಾವಣೆ ಕಾಣದಿದ್ದಲ್ಲಿ ಮುಂದುವರಿಸಲು ಕಾರಣವೇನೆಂದು ಕೇಳುವ ಅಧಿಕಾರ ರೋಗಿಗಿದೆ. ಸೂಜಿ ಚಿಕಿತ್ಸೆ ನಡೆಯುತ್ತಿದೆಯೆಂದು ವ್ಯಾಯಾಮ ಮತ್ತು ನಡಿಗೆಯನ್ನು ನಿಲ್ಲಿಸಬಾರದು.

ಕೇಂದ್ರದಲ್ಲಿ ಗಮನಿಸಬೇಕಾದ ಅಂಶಗಳು

ರಾಜ್ಯದಲ್ಲಿ ಖಾಸಗಿ ಫಿಸಿಯೋಥೆರಪಿ ಕೇಂದ್ರಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿ ಹೊಂದಿರಬೇಕಾಗುತ್ತದೆ. ನೋಂದಣಿ ಪ್ರಮಾಣಪತ್ರ ಮತ್ತು ದರಪಟ್ಟಿಯನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ದೂರುಗಳಿದ್ದಲ್ಲಿ 2017ರ ತಿದ್ದುಪಡಿಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಚಿತವಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಫಿಸಿಯೋಥೆರಪಿ ವೃತ್ತಿಯು ಕೇಂದ್ರ ಸರ್ಕಾರದ 2021ರ ಸಂಯೋಜಿತ ಹಾಗೂ ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ಸೂಜಿ ಹಾಕುವವರ ವಿದ್ಯಾರ್ಹತೆ ಮತ್ತು ಡ್ರೈ ನೀಡ್ಲಿಂಗ್‌ನಲ್ಲಿ ಪಡೆದ ತರಬೇತಿಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪ್ರತಿ ಸೂಜಿಯೂ ಒಮ್ಮೆ ಮಾತ್ರ ಬಳಸುವಂತಹುದಾಗಿದ್ದು, ಮೊಹರು ಮಾಡಿದ ಪೊಟ್ಟಣವನ್ನು ರೋಗಿಯ ಎದುರಿನಲ್ಲಿಯೇ ತೆರೆಯಬೇಕು. ಬಳಸಿದ ಸೂಜಿಯನ್ನು ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ಚುಚ್ಚಿದರೆ ತೂತಾಗದ ಬಿಳಿಯ ಅರೆಪಾರದರ್ಶಕ ಡಬ್ಬಿಗೆ ಹಾಕಬೇಕು. ಒಳಹಾಕಿದ ಸೂಜಿಗಳ ಸಂಖ್ಯೆ ಮತ್ತು ಹೊರತೆಗೆದ ಸೂಜಿಗಳ ಸಂಖ್ಯೆ ತಾಳೆಯಾಗುವಂತೆ ಎಣಿಸುವ ಕೇಂದ್ರ ಒಳ್ಳೆಯ ಕೇಂದ್ರ. ಚಿಕಿತ್ಸೆಗೆ ಬರುವಾಗ ಹಿಂದಿನ ಚೀಟಿಗಳು, ಎಕ್ಸ್-ರೇ ಅಥವಾ ಸ್ಕ್ಯಾನ್ ವರದಿಗಳಿದ್ದಲ್ಲಿ ಅವು, ಹಾಗೂ ಪ್ರಸ್ತುತ ಸೇವಿಸುತ್ತಿರುವ ಮಾತ್ರೆಗಳ ಹಾಳೆಗಳನ್ನು ತಪ್ಪದೆ ತರತಕ್ಕದ್ದು. ಮಾತ್ರೆಯ ಹೆಸರು ನೆನಪಿಲ್ಲವೆಂದು ಹೇಳುವುದಕ್ಕಿಂತ ಖಾಲಿ ಹಾಳೆಯನ್ನಾದರೂ ತಂದರೆ ಅನುಕೂಲ.